ಕಾಲಹರಣ ಮಾಡಿದ ಡಾಕ್ಟ್ರಮ್ಮ

ವಿಷಯ ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನ ಪಶು ಆಸ್ಪತ್ರೆಯಲ್ಲಿ ನನ್ನ ಜೊತೆ ಬಹುಕಾಲ ಕೆಲಸ ಮಾಡಿದ ಡಾಕ್ಟ್ರಮ್ಮ ಈ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಸೇವಾ ಕಡತದಲ್ಲಿ ಒಂದು ವಾಕ್ಯ ಇನ್ನೂ ಇದೆ: ‘ಪರೀಕ್ಷೆಗಳಲ್ಲಿ ಕಾಲಹರಣ ಮಾಡಿ, ತುರ್ತು ಚಿಕಿತ್ಸೆಯನ್ನು ವಿಳಂಬಗೊಳಿಸಿ, ಹಸುವಿನ ಸಾವಿಗೆ ಕಾರಣರಾಗಿರುತ್ತಾರೆ.’ ಆ ವಾಕ್ಯ ಸುಳ್ಳು. ಅದನ್ನು ತೆಗೆಸಬೇಕೆಂದು ಅವರು ಸೇವೆಯಲ್ಲಿದ್ದಾಗ ಕೇಳಿದರು, ನಿವೃತ್ತರಾದ ಮೇಲೂ ಕೇಳಿದರು. ಯಾರೂ ತೆಗೆಯಲಿಲ್ಲ. ಅದು ಯಾಕೆ ಸುಳ್ಳು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಅದನ್ನು ಹೇಳಬೇಕಾದರೆ ಅವರು ಎಂಥ ಹೆಂಗಸು ಎಂಬುದನ್ನೂ ಹೇಳಬೇಕಾಗುತ್ತದೆ.

ನಾನು ಶಸ್ತ್ರಚಿಕಿತ್ಸೆಯವನು. ಸೇನೆಯಲ್ಲಿ ಹೇಸರಗತ್ತೆಗಳ ಮಧ್ಯೆ ಕೆಲಸ ಕಲಿತು ಬಂದವನು. ಹೊತ್ತು ಮೀರಿ ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಆಸ್ಪತ್ರೆಯ ಬಾಗಿಲು ತೆರೆಸುವ ಹೊತ್ತಿಗೆ ಡಾಕ್ಟ್ರಮ್ಮ ಆಗಲೇ ಹಿಂದಿನ ಕೊಟ್ಟಿಗೆಯಲ್ಲಿ ಯಾವುದೋ ಎಮ್ಮೆಯ ಪಕ್ಕ ನಿಂತಿರುತ್ತಿದ್ದರು. ಗಿಡ್ಡ ಆಳು. ಹತ್ತಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಗಂಡಸರ ರಬ್ಬರ್ ಬೂಟು ತೊಡುತ್ತಿದ್ದರು. ಕನ್ನಡಕ ಯಾವಾಗಲೂ ತುರುಬಿನ ಮೇಲೆ. ಕನ್ನಡಕದ ಡಬ್ಬಿಯಲ್ಲಿ ಮಾತ್ರ ಬೇರೆಯದೇ ಸಾಮಾನು ಇರುತ್ತಿತ್ತು. ಹುಳಿ ಎಷ್ಟು, ಕ್ಷಾರ ಎಷ್ಟು ಎಂದು ಬಣ್ಣ ತಿರುಗಿ ತೋರಿಸುವ ಕಾಗದದ ಪಟ್ಟಿಗಳು ಅವು.

ದನದ ಹತ್ತಿರ ಬಂದವರೇ ಅವರು ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಪಕ್ಕೆಯ ಹಿಂದೆ ಅಂಗೈ ಇಟ್ಟು ಉಸಿರು ಎಣಿಸುವರು. ದನದ ಯಜಮಾನ ಅಭ್ಯಾಸಬಲದಿಂದ ಶುರು ಮಾಡುವನು: “ನಿನ್ನೆಯಿಂದ ಮೇವು ಮುಟ್ಟಿಲ್ಲ ಕಣಮ್ಮ, ನಮ್ಮತ್ತೆ ಹೇಳ್ತು, ದೃಷ್ಟಿ ಆಗೈತೆ ಅಂತ.”

“ಬಾಯ್ ಮುಚ್ಕೊಂಡಿರಪ್ಪ. ಎಣಿಸ್ತಿದ್ದೆ, ಕೆಡಿಸ್ದೆ. ಈಗ ಮತ್ತೆ ಒಂದರಿಂದ. ಇನ್ನೊಂದ್ಸಲ ಮಾತಾಡಿದ್ರೆ ಸಂಜೆ ತನಕ ಎಣಿಸ್ತೀನಿ, ನೀನೂ ಇಲ್ಲೇ ಇರು.”

ಅವರು ಹೀಗೆ. ಶಾಂತಮೂರ್ತಿ ಅಲ್ಲ. ಯಾರಾದರೂ ಅವರನ್ನು ಶಾಂತಮೂರ್ತಿ ಎಂದರೆ, ಹೇಳಿದವರು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದವರು ಎಂದು ತಿಳಿಯಬೇಕು.

ಉಸಿರಿನ ಮೇಲೆ ಅವರಿಗೆ ಇಷ್ಟು ಕಣ್ಣು ಯಾಕೆ ಎಂಬುದು ಬಹಳ ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಸರಳವಾಗಿ ಹೇಳುತ್ತೇನೆ. ದನವಾಗಲಿ ನಾಯಿಯಾಗಲಿ ಮನುಷ್ಯನಾಗಲಿ, ರಕ್ತದಲ್ಲಿ ಹುಳಿಯೂ ಕ್ಷಾರವೂ ಒಂದು ಬಿಗಿಯಾದ ಹದದಲ್ಲಿರಬೇಕು. ಆ ಕಡೆ ಈ ಕಡೆ ತುಸು ಜರುಗಿದರೂ ಜೀವಕ್ಕೆ ಬರುತ್ತದೆ. ಜರುಗಿದಾಗ ದೇಹ ಸುಮ್ಮನೆ ಕೂರುವುದಿಲ್ಲ. ಹುಳಿ ಹೆಚ್ಚಾದರೆ ಉಸಿರು ಜೋರಾಗಿ ಬಿಟ್ಟು ಹೊರಗೆ ಹಾಕುತ್ತದೆ. ಕ್ಷಾರ ಹೆಚ್ಚಾದರೆ ಉಸಿರನ್ನು ಹಿಡಿದು ನಿಧಾನ ಮಾಡುತ್ತದೆ. ಮೂತ್ರವೂ ಇದೇ ಕೆಲಸದಲ್ಲಿ ಕೈಜೋಡಿಸುತ್ತದೆ. ಆದ್ದರಿಂದ ಉಸಿರು, ಮೂತ್ರ, ಹೊಟ್ಟೆಯೊಳಗಿನ ನೀರು ಮೂರನ್ನೂ ನೋಡಿದರೆ ರೋಗ ಯಾವ ಕಡೆ ಜರುಗಿದೆ ಎಂದು ಗೊತ್ತಾಗುತ್ತದೆ. ನೋಡದೆ ಮದ್ದು ಕೊಟ್ಟರೆ, ಜಾರುತ್ತಿರುವ ಕಡೆಗೇ ಇನ್ನೊಂದು ನೂಕು ಕೊಟ್ಟಂತೆ ಆದರೂ ಆಯಿತು.

ನಮ್ಮಲ್ಲಿ ನೋಡುವ ಅಭ್ಯಾಸ ಇರಲಿಲ್ಲ. ಮಲಗಿದ ಹಸುವಿಗೆ ಕ್ಯಾಲ್ಸಿಯಂ, ಮೇವು ಬಿಟ್ಟ ಹಸುವಿಗೆ ಸೋಡಾಪುಡಿ, ಏದುಸಿರಿಗೆ ಒಂದು ಇಂಜೆಕ್ಷನ್. ಇದೇ ಪದ್ಧತಿ. ಹೊಸದಾಗಿ ಬಂದ ಡಾಕ್ಟರುಗಳಿಗೆ ಅವರು ಹೇಳುತ್ತಿದ್ದರು: “ಬಂದ ದನಕ್ಕೆಲ್ಲ ಒಂದೇ ಬಾಟ್ಲು ಏರ್ಸೋದಾದ್ರೆ ನೀವ್ಯಾಕೆ ಬೇಕು? ಒಂದು ನಲ್ಲಿ ಹಾಕ್ಸಿದ್ರೆ ಸಾಕು.”

ಹತ್ತಿರದ ಕೋರ ಎಂಬ ಹಳ್ಳಿಯಿಂದ ಒಂದು ಸಲ ಕರೆ ಬಂತು. ಹಸು ಮುದ್ದೆಗೆಂದು ಬೀಸಿಟ್ಟ ರಾಗಿಹಿಟ್ಟಿನ ಚೀಲಕ್ಕೆ ಬಾಯಿ ಹಾಕಿ ಮುಗಿಸಿತ್ತು. ನಾನೂ ಜೊತೆಗೆ ಹೋಗಿದ್ದೆ. ಹಸು ಜೋರಾಗಿ ಏದುಸಿರು ಬಿಡುತ್ತಿತ್ತು. ಊರಿನಲ್ಲಿ ಇಂಜೆಕ್ಷನ್ ಕೊಡುವವನೊಬ್ಬ ಸಿರಿಂಜು ತುಂಬಿಸಿಕೊಂಡು ನಿಂತಿದ್ದ. ಹಸುವನ್ನು ಮಂಪರು ಮಾಡಿ ಉಸಿರು ತಗ್ಗಿಸುತ್ತಾನಂತೆ.

“ಉಸ್ರು ಕಟ್ಟಿ ಸಾಯ್ತಾ ಐತೆ ಕಣಮ್ಮ, ಅವ್ನು ಕೊಡ್ತೀನಿ ಅಂತವ್ನೆ, ಕೊಡ್ಲಿ ಬುಡಿ,” ಎಂದ ಯಜಮಾನ.

“ಉಸ್ರು ಕಟ್ಟಿಲ್ಲ. ಹೊಟ್ಟೇಲಿ ಹಿಟ್ಟು ಹುಳಿತಾ ಇದೆ, ಆ ಹುಳೀನ ಮೂಗಲ್ಲಿ ಆಚೆ ಹಾಕ್ತಾ ಇದೆ. ಮನೇಗೆ ನೀರು ನುಗ್ಗಿದಾಗ ನೀನು ತಂಬಿಗೇಲಿ ಎತ್ತಿ ಎತ್ತಿ ಆಚೆ ಚೆಲ್ತಾ ಇರ್ತೀಯ. ಇವನು ಬಂದು, ಪಾಪ ಸುಸ್ತಾಗಿದಾನೆ ಅಂತ ನಿನ್ನ ಕೈ ಕಟ್ಟಿ ಮಲಗಿಸ್ತಾನೆ. ಕೊಡ್ಲಾ?”

ಯಜಮಾನ ಸಿರಿಂಜಿನವನ ಕಡೆ ತಿರುಗಿ ಹೇಳಿದ: “ಏನ್ಲಾ, ನನ್ ಕೈ ಕಟ್ಟಾಕ್ ಬಂದಿದ್ಯಾ? ಹೋಗಲಾ ಅತ್ಲಾಗೆ.”

ಆ ಹಸು ಉಳಿಯಿತು. ಹೊಟ್ಟೆ ತೊಳೆದು, ರಕ್ತಕ್ಕೆ ಅಳತೆ ಮಾಡಿ ಕ್ಷಾರದ ನೀರು ಕೊಟ್ಟು, ಪಕ್ಕದ ಮನೆಯ ಗಟ್ಟಿ ಹಸುವಿನ ಬಾಯಿಂದ ಮೆಲುಕಿನ ಉಂಡೆ ಕಿತ್ತು ತಂದು ಇದರ ಬಾಯಿಗೆ ತುರುಕಿದರು. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಸತ್ತಿರುತ್ತವೆ, ಹೊಸಬರನ್ನು ಕಳಿಸಬೇಕು ಎಂಬುದು ಲೆಕ್ಕ. ಪಕ್ಕದ ಮನೆಯಾಕೆಗೆ ಕೋಪ ಬಂತು. “ನಮ್ ಹಸೀನ ಎಂಜ್ಲು ಅವ್ರ ಹಸೀಗೆ ಯಾಕವ್ವ?” ಎಂದು ಕೇಳಿದಳು. ಡಾಕ್ಟ್ರಮ್ಮ ಆಕೆಯ ಮುಖವನ್ನೂ ನೋಡದೆ “ನಿಮ್ಮ ಹಸು ಮರ್ಯಾದಸ್ಥ ಹಸು ಅದಕ್ಕೆ” ಎಂದರು. ಆಕೆ ಸಮಾಧಾನಗೊಂಡಳು.

ಕಾಗದದ ಬಣ್ಣವನ್ನೇ ನಂಬಿ ಕೂತವರು ಎಂದು ಅವರನ್ನು ಆಮೇಲೆ ಹೀಯಾಳಿಸಿದವರಿದ್ದಾರೆ, ಅವರಿಗೆ ಉತ್ತರವಾಗಿ ಗುಬ್ಬಿಯ ಪ್ರಸಂಗ ಹೇಳಬೇಕು. ಅಲ್ಲಿ ತೆಂಗಿನ ತೋಟ ಇಟ್ಟುಕೊಂಡಿದ್ದ ಮೇಷ್ಟರೊಬ್ಬರ ಸೀಮೆಹಸು, ಹೊಸದಾಗಿ ಕರು ಹಾಕಿದ್ದು, ಮೇವು ಬಿಟ್ಟಿತ್ತು. ನಮ್ಮ ಕಿರಿಯ ಡಾಕ್ಟರೊಬ್ಬ, ಡಾಕ್ಟ್ರಮ್ಮನಿಂದಲೇ ಕಲಿತವನು, ಮೂತ್ರಕ್ಕೆ ಪಟ್ಟಿ ಅದ್ದಿ ನೋಡಿದ. ಹುಳಿ ತೋರಿಸಿತು. ಕ್ಷಾರದ ಬಾಟಲಿ ತೂಗುಹಾಕಿಯೂ ಆಯಿತು. ಡಾಕ್ಟ್ರಮ್ಮ ಸೂಜಿ ಹಿಡಿದ ಅವನ ಕೈಯನ್ನು ತಡೆದರು.

“ಉಸಿರು ನೋಡಿದ್ರಾ?”

“ನೋಡಿದೆ ಮೇಡಂ. ನಿಧಾನ ಇದೆ.”

“ರಕ್ತದಲ್ಲಿ ಹುಳಿ ಜಾಸ್ತಿ ಆಗಿದ್ರೆ ಇಷ್ಟು ನಿಧಾನ ಉಸಿರಾಡ್ತಿತ್ತಾ? ಒಬ್ಬ ಸಾಕ್ಷಿ ಒಂದು ಹೇಳ್ತಾನೆ, ಇನ್ನೊಬ್ಬ ಬೇರೆ ಹೇಳ್ತಾನೆ. ಯಾರೋ ಸುಳ್ಳು ಹೇಳ್ತಿದಾರೆ. ಯಾರು ಅಂತ ಹುಡುಕದೆ ತೀರ್ಪು ಕೊಡ್ತೀರಾ?”

ಎಡಪಕ್ಕೆಯ ಮೇಲೆ ಬೆರಳಿನಿಂದ ಚಿಮ್ಮಿ, ಕಿವಿಗೆ ಹಾಕಿಕೊಂಡ ನಳಿಗೆಯಲ್ಲಿ ಆಲಿಸಿದರು. ಜೊತೆಗೆ ಹೋಗಿದ್ದ ನನಗೂ ಕೊಟ್ಟರು. ತಾಮ್ರದ ಹಂಡೆಗೆ ನಾಣ್ಯ ಬಡಿದ ಹಾಗೆ ಟಿಣ್ ಎಂದಿತು. ಹಸುವಿನ ನಾಲ್ಕನೆಯ ಹೊಟ್ಟೆ ಗಾಳಿ ತುಂಬಿ ಎಡಕ್ಕೆ ಸರಿದು ಕೂತಿತ್ತು. ಹುಳಿಯೆಲ್ಲ ಅಲ್ಲೇ ಸಿಕ್ಕಿಹಾಕಿಕೊಂಡು, ರಕ್ತ ಕ್ಷಾರದ ಕಡೆ ವಾಲಿತ್ತು. ಇಂಥ ಹೊತ್ತಿನಲ್ಲಿ ಉಪ್ಪಿನಂಶ ಬತ್ತಿದ ಮೂತ್ರಪಿಂಡ ದಿಕ್ಕೆಟ್ಟು ಹುಳಿಯನ್ನೇ ಹೊರಗೆ ಬಿಡುತ್ತದೆ. ಸುಳ್ಳು ಹೇಳಿದ ಸಾಕ್ಷಿ ಮೂತ್ರ. ಕ್ಷಾರದ ಬಾಟಲಿ ಏರಿದ್ದರೆ ಹಸು ಸಾಯುತ್ತಿತ್ತು. ಅದನ್ನು ಇಳಿಸಿ ಬರೀ ಉಪ್ಪುನೀರಿನ ಬಾಟಲಿ ಏರಿಸಿದರು. ಹೊಟ್ಟೆಯನ್ನು ಸ್ವಸ್ಥಾನಕ್ಕೆ ತಂದು ಹೊಲಿಗೆ ಹಾಕಿದವನು ನಾನು. ಮೇಷ್ಟರು ನಮಗೆಲ್ಲ ಎಳನೀರು ಕೊಡಿಸುತ್ತಾ, “ಏನ್ ಮೇಡಂ, ನನ್ನ ಹಸುಗಿಂತ ಜಾಸ್ತಿ ಹೊತ್ತು ನಮ್ಮ ಡಾಕ್ಟ್ರನ್ನೇ ಪರೀಕ್ಷೆ ಮಾಡಿದ್ರಿ,” ಎಂದರು.

“ಹಸು ಪಾಸು,” ಎಂದರು ಡಾಕ್ಟ್ರಮ್ಮ.

ಇಂಥವರ ಮೇಲೆ ಪರೀಕ್ಷೆಯಲ್ಲಿ ಕಾಲ ಕಳೆದರು ಎಂಬ ಆರೋಪ.

ಆಸ್ಪತ್ರೆಗೆ ಒಂದು ಯಂತ್ರ ಬಂದಿತ್ತು. ಒಂದು ಹನಿ ರಕ್ತ ಹಾಕಿದರೆ ಹುಳಿ-ಕ್ಷಾರದ ಲೆಕ್ಕವನ್ನು ನಿಂತ ನಿಲುವಿನಲ್ಲೇ ಅಚ್ಚು ಹಾಕಿ ಕೊಡುತ್ತಿತ್ತು. ರಿಬ್ಬನ್ ಕತ್ತರಿಸಿದರು, ಲಡ್ಡು ಹಂಚಿದರು. ಆ ಯಂತ್ರಕ್ಕೆ ಒಂದು ಸಣ್ಣ ಬಿಲ್ಲೆ ಬೇಕು. ಹಾಕಿದ್ದು ಮುಗಿದರೆ ಹೊಸದು ತರಿಸಬೇಕು. ಮೊದಲು ಬಂದವು ಬೇಗ ಮುಗಿದವು. ಆಮೇಲೆ ಬರಲೇ ಇಲ್ಲ. ಡಾಕ್ಟ್ರಮ್ಮ ಕೇಳಿದರು, ಮತ್ತೆ ಕೇಳಿದರು. ಕೊನೆಗೆ ಒಂದು ದಿನ ಯಂತ್ರದ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಬಂದು ಕೂತಿತು. ಮೇಲಿನವರು ಪರಿಶೀಲನೆಗೆ ಬಂದಾಗ ಕೊಠಡಿ ಅಚ್ಚುಕಟ್ಟಾಗಿದೆ ಎಂದು ಹೊಗಳಿ ಹೋದರು. ಡಾಕ್ಟ್ರಮ್ಮ ತಮ್ಮ ಕನ್ನಡಕದ ಡಬ್ಬಿಗೆ ಮರಳಿದರು.

ಈಗ ಆ ಹಸುವಿನ ಮಾತು.

ಉಪ್ಪಾರಹಳ್ಳಿ ಕಡೆ ಹೊಸ ಮನೆಗಳು ಏಳುತ್ತಿದ್ದ ಕಾಲ. ಮನೆ ಎಂದ ಮೇಲೆ ಗೃಹಪ್ರವೇಶ, ಗೃಹಪ್ರವೇಶ ಎಂದ ಮೇಲೆ ಹಸು-ಕರು ಮೊದಲು ಹೊಸ್ತಿಲು ದಾಟಬೇಕು. ನಿವೇಶನದಲ್ಲಿ ಮನೆ ಕಟ್ಟಿದವರ ಹತ್ತಿರ ಹಸು ಎಲ್ಲಿಂದ ಬರಬೇಕು? ಗೃಹಪ್ರವೇಶಗಳಿಗೆ ಹಸುವನ್ನು ಬಾಡಿಗೆಗೆ ತರುತ್ತಿದ್ದ ರಂಗಪ್ಪನ ಹತ್ತಿರ ಇತ್ತು. ಹೆಸರು ಗೌರಿ. ಬೆಳ್ಳನೆಯ ಸಾಧು ಹಸು. ಟೈಲ್ಸ್ ನೆಲದ ಮೇಲೂ ಹೆದರದೆ ಹೆಜ್ಜೆ ಇಡುತ್ತಿತ್ತು. ಒಳ್ಳೆಯ ಮುಹೂರ್ತ ಇದ್ದರೆ ಒಂದೇ ಬೆಳಿಗ್ಗೆ ಮನೆಯಿಂದ ಮನೆಗೆ ಓಡಾಟ. ಪ್ರತಿ ಮನೆಯಲ್ಲೂ ಮೊರದ ತುಂಬ ಬೆಲ್ಲ ಬೆರೆಸಿದ ಅಕ್ಕಿ, ಬಾಳೆಹಣ್ಣು, ಸಿಹಿ ಪೊಂಗಲು. ಬಂದ ನೆಂಟರು ಸಾಲಾಗಿ ನಿಂತು ಪುಣ್ಯ ಕಟ್ಟಿಕೊಳ್ಳುವರು. ಹುಲ್ಲು ಮೇಯುವ ಪ್ರಾಣಿಯ ಹೊಟ್ಟೆಗೆ ಅಷ್ಟು ಅಕ್ಕಿ-ಬೆಲ್ಲ ಹೋದರೆ ಅದು ಅಲ್ಲೇ ಹುದುಗೆದ್ದು ಹುಳಿಯಾಗುತ್ತದೆ. ಗೌರಿ ಹಿಂದೆ ಒಂದು ಸಲ ಹೀಗೇ ಕಾಯಿಲೆ ಬಿದ್ದು, ಡಾಕ್ಟ್ರಮ್ಮನೇ ಉಳಿಸಿದ್ದರು. ಆವತ್ತು ರಂಗಪ್ಪನಿಗೆ ನನ್ನ ಎದುರಿಗೇ ಹೇಳಿದರು:

“ರಂಗಪ್ಪ, ಇದು ಹಸು ಕಣಪ್ಪ, ಹುಂಡಿ ಅಲ್ಲ, ಬಂದೋರೆಲ್ಲ ಹಾಕ್ತಾ ಹೋಗಕ್ಕೆ.”

“ಬ್ಯಾಡ ಅಂದ್ರೆ ಕೇಳ್ತಾರಾ ಅಮ್ಮಾವ್ರೆ? ಹಸ ತಿಂದ್ರೆನೇ ಮನೇಗ್ ಒಳ್ಳೇದು ಅಂತಾರೆ. ತಿನ್ನಲ್ಲ ಅಂದ್ರೆ ಇನ್ನೊಂದ್ ಹಸ ತರುಸ್ತಾರೆ.”

“ಒಂದ್ ಹಿಡಿ ಗರಿಕೆ ತಗೊಂಡ್ ಹೋಗು. ಇದನ್ನೇ ತಿನ್ನಿಸಿ ಅನ್ನು.”

“ಗರಿಕೆ ಗಣಪತೀಗೆ ಅಂತಾರೆ ಅಮ್ಮಾವ್ರೆ.”

“ಹಂಗಾದ್ರೆ ಗಣಪತೀನೇ ಕರ್ಕೊಂಡ್ ಹೋಗು ಗೃಹಪ್ರವೇಶಕ್ಕೆ.”

ರಂಗಪ್ಪ ನಕ್ಕ. ನಕ್ಕು ಹೋದವನು ಹಳೆಯ ಪದ್ಧತಿಯನ್ನೇ ಮುಂದುವರಿಸಿದ.

ಮುಂದಿನದರಲ್ಲಿ ಮೊದಲ ಭಾಗ ರಂಗಪ್ಪನೇ ನನಗೆ ಹೇಳಿದ್ದು. ಉಳಿದದ್ದನ್ನು ನಾನೇ ಕಂಡೆ. ಎರಡು ದಿನ ಬೆನ್ನುಬೆನ್ನಿಗೆ ಮುಹೂರ್ತ ಇದ್ದವು. ಮೊದಲ ದಿನ ತಿಂದದ್ದು ಗೌರಿಯ ಹೊಟ್ಟೆಯಲ್ಲಿ ರಾತ್ರಿಯೆಲ್ಲ ಹುಳಿದಿತ್ತು. ಬೆಳಿಗ್ಗೆ ಹುಲ್ಲು ಮೂಸಿರಲಿಲ್ಲ. ಆದರೂ ಕರೆದುಕೊಂಡು ಹೋದ. ಆವತ್ತಿನ ಮನೆ ಒಬ್ಬ ಕಂಟ್ರಾಕ್ಟರದು. ವಸಂತನರಸಾಪುರದಲ್ಲಿ ಕಾರ್ಖಾನೆಯ ಶೆಡ್ಡು ಹಾಕಿಸುವವರು, ಉಪ್ಪಾರಹಳ್ಳಿಯಲ್ಲಿ ಮನೆಗಳನ್ನೂ ಕಟ್ಟಿಸಿ ಮಾರುತ್ತಿದ್ದರು. ಗೌರಿ ಹೊಸ್ತಿಲು ದಾಟಿತು, ಹಾಲ್‌ನ ನಡುವೆ ನಿಂತಿತು, ಕಾಲು ಮಡಚಿ ಕೂತುಬಿಟ್ಟಿತು.

ಒಬ್ಬರಾದರೂ ಹಸುವಿಗೆ ಏನಾಯಿತು ಎಂದು ಕೇಳಲಿಲ್ಲ. ಮನೆಯ ಅಜ್ಜಿ ಎರಡೂ ಕೈ ಮುಗಿದು, “ಲಕ್ಷ್ಮಿ ಕೂತ್ಲು ಕಣ್ರೋ. ಬಂದೋಳು ಹೋಗಲ್ಲ ಅಂತವ್ಳೆ. ಯಾರೂ ಎಬ್ಬುಸ್ಬ್ಯಾಡಿ,” ಎಂದರು. ಶಾಸ್ತ್ರಿಗಳೂ ಶುಭಸೂಚನೆ ಎಂದು ಒಪ್ಪಿದರು. ಹಸುವಿನ ಕೊರಳಿಗೆ ಎರಡನೆಯ ಹಾರ ಬಿತ್ತು. ಆರತಿ ಎತ್ತಿದರು. ನೆಂಟರು ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಬಾಯಿಗೆ ಅಕ್ಕಿ-ಬೆಲ್ಲ ಹಿಡಿದರು, ಅದು ಮುಖ ತಿರುಗಿಸಿತು. “ಹೊಟ್ಟೆ ತುಂಬೈತೆ, ತೃಪ್ತಿ ಆಗೈತೆ,” ಎಂದರು. ಗೌರಿ ಏದುಸಿರು ಬಿಡುತ್ತಿತ್ತು. ಸೆಕೆ ಎಂದು ಫ್ಯಾನ್ ಹಾಕಿದರು. ಹೋಮ ಮುಗಿಯಿತು, ತಿಂಡಿಯ ಪಂಕ್ತಿಗಳು ಎದ್ದವು. ಹಸು ಕತ್ತು ಚೆಲ್ಲಿ ಹಲ್ಲು ಕಡಿಯಲು ಶುರು ಮಾಡಿದ ಮೇಲೆ ಯಾರಿಗೋ ಅನುಮಾನ ಬಂತು. ಆಗಲೂ ಆಸ್ಪತ್ರೆಗೆ ಹೇಳಲಿಲ್ಲ. ಪರಿಚಯದವನೊಬ್ಬ ಬಂದು ಕ್ಯಾಲ್ಸಿಯಂ ಬಾಟಲಿ ಏರಿಸಿ ಹೋದ. ಅದೂ ಆದ ಮೇಲೆ ಡಾಕ್ಟ್ರಮ್ಮನಿಗೆ ಫೋನು.

ಅವರು ತಕ್ಷಣ ಹೋದರು. ಹೊರಡುವಾಗಲೇ ಆಪರೇಷನ್ ಸಾಮಾನು ತರಬೇಕೆಂದು ನನಗೆ ಹೇಳಿದ್ದರು, ಅದನ್ನು ಜೋಡಿಸಿಕೊಂಡು ನಾನು ಹಿಂದೆಯೇ ಬಂದೆ. ನಾನು ಒಳಗೆ ಕಾಲಿಟ್ಟಾಗ ಅವರು ಹಸುವಿನ ಬಾಲದ ಕೆಳಗೆ ನೇವರಿಸಿ ಮೂತ್ರ ಹುಯ್ಯಿಸುತ್ತಿದ್ದರು. ಹೊಸ ಮನೆಯಲ್ಲಿ ಗೋಮೂತ್ರ ಬೀಳುವುದು ಮಂಗಳ ಅಲ್ಲವೇ, ಹೆಂಗಸರು ಬೆಳ್ಳಿ ಚೊಂಬು ಹಿಡಿದು ಮುಂದೆ ಬಂದರು. ಅದೇ ಚೊಂಬಿಗೆ ಡಾಕ್ಟ್ರಮ್ಮ ಪಟ್ಟಿ ಅದ್ದಿದರು.

“ಹಸೀನ ಮೂತ್ರ ಕ್ಷಾರ ಇರ್ಬೇಕು. ಇದು ಹುಣಸೆಹಣ್ಣಾಗಿದೆ. ಚಿಮುಕಿಸ್ಕೋಬೇಡಿ, ಇದು ಸಾಯ್ತಾ ಇರೋ ಹಸು.”

ಗೃಹಪ್ರವೇಶದ ಮನೆಯಲ್ಲಿ ಆ ಮಾತು ಆಡಬಾರದಿತ್ತಂತೆ. ಆಮೇಲೆ ದೂರಿನಲ್ಲಿ ಅದೂ ಸೇರಿತ್ತು.

ಬಾಯಿಂದ ನಳಿಗೆ ಇಳಿಸಿ ಹೊಟ್ಟೆಯ ನೀರು ತೆಗೆದರು. ಹಾಲಿನಂತೆ ಬೆಳ್ಳಗೆ, ಹಳಸಿದ ಅಂಬಲಿಯ ನಾತ. ಉಸಿರು, ಮೂತ್ರ, ಹೊಟ್ಟೆ ಮೂರೂ ಒಂದೇ ಮಾತು ಹೇಳುತ್ತಿದ್ದವು. ಇಷ್ಟಕ್ಕೆ ಹಿಡಿದ ಹೊತ್ತು, ನಾನು ಸಾಮಾನಿನ ಗಂಟು ಬಿಚ್ಚಿ ಹಾಸಿದಷ್ಟು ಹೊತ್ತು. ಅಷ್ಟರಲ್ಲಿ ಕುತ್ತಿಗೆಯ ನರಕ್ಕೆ ಸೂಜಿ ಹೋಗಿ ಕ್ಷಾರದ ನೀರು ಇಳಿಯುತ್ತಿತ್ತು. ಇದು ಇಳಿದು ಹಸು ಸ್ವಲ್ಪ ಚೇತರಿಸಿಕೊಂಡ ಮೇಲೆ ಹೊಟ್ಟೆ ಕೊಯ್ದು ಅಕ್ಕಿ ಹೊರಗೆ ತೆಗೆಯುವುದೆಂದು ತೀರ್ಮಾನವಾಯಿತು. ಗೌರಿ ಒಂದು ಸಲ ಕಿವಿ ಆಡಿಸಿತು. ಡಾಕ್ಟ್ರಮ್ಮ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ನಗೆ ಎಂಬುದನ್ನು ನಾನು ಕಂಡದ್ದು ಇಂಥ ಗಳಿಗೆಗಳಲ್ಲೇ.

ಕಂಟ್ರಾಕ್ಟರು ಆಗ ಬಂದರು. ಹಿಂದೆ ನಾಲ್ಕು ಆಳು, ಹಗ್ಗ.

“ಮೇಡಂ, ಹೊರಗೆ ಟೆಂಪೋ ನಿಂತಿದೆ. ಏನ್ ಮಾಡೋದಿದ್ರೂ ನಿಮ್ಮ ಆಸ್ಪತ್ರೇಲಿ ಮಾಡ್ಕೊಳಿ.”

“ಈಗ ಅಲುಗಾಡಿಸಿದ್ರೆ ಸಾಯುತ್ತೆ. ಈ ಬಾಟ್ಲು ಮುಗೀಲಿ.”

“ಇಲ್ಲೇ ಸತ್ರೆ? ಇವತ್ತು ಒಳಗೆ ಬಂದಿರೋ ಮನೇಲಿ ಗೋವು ಸಾಯ್ಬೇಕಾ? ಊಟಕ್ಕೆ ದೊಡ್ಡೋರು ಬರ್ತಿದಾರೆ ಮೇಡಂ.”

“ಬೆಳಿಗ್ಗೆಯಿಂದ ನಿಮ್ಮ ಮನೆ ಲಕ್ಷ್ಮಿ ಆಗಿತ್ತಲ್ಲ, ಈಗ ಏನಾಯ್ತು?”

ಕಂಟ್ರಾಕ್ಟರ ಮುಖ ಕೆಂಪಾಯಿತು. “ರಂಗಪ್ಪ, ಹಸು ನಿಂದು. ಎತ್ಲಾ? ಬೇಡ್ವಾ? ನೀನೇ ಹೇಳು.”

ರಂಗಪ್ಪ ಹಸುವನ್ನು ನೋಡಿದ, ಡಾಕ್ಟ್ರಮ್ಮನನ್ನು ನೋಡಿದ, ಕೊನೆಗೆ ನೆಲ ನೋಡಿದ. “ಸಾವ್ಕಾರ್ರು ಹೇಳ್ದಂಗೆ ಆಗ್ಲಿ ಅಮ್ಮಾವ್ರೆ,” ಎಂದ.

ಡಾಕ್ಟ್ರಮ್ಮ ಹಸುವಿನ ಕೊರಳಿಗೆ ಅಡ್ಡವಾಗಿ ಕೂತರು. ನಾನು ಬಾಗಿಲಿಗೆ ಅಡ್ಡ ನಿಂತೆ. ಇಬ್ಬರು ಇಳಿವಯಸ್ಸಿನವರನ್ನು ಪಕ್ಕಕ್ಕೆ ಸರಿಸುವುದು ಆಳುಗಳಿಗೆ ಎಷ್ಟರ ಕೆಲಸ? ಕಾಲಿಗೆ ಹಗ್ಗ ಹಾಕಿ, ಹೊಳೆಯುವ ನೆಲದ ಮೇಲೆ ಜಾರಿಸಿಕೊಂಡೇ ಹೊರಗೆ ಎಳೆದರು. ಸೂಜಿ ಕಿತ್ತುಬಂತು. ಡಾಕ್ಟ್ರಮ್ಮ ಬಾಟಲಿ ಎತ್ತಿ ಹಿಡಿದುಕೊಂಡೇ ಜೊತೆಗೆ ಓಡಿದರು. ಟೆಂಪೋದ ಹಲಗೆಯ ಮೇಲೆ ಅರ್ಧ ಏರಿಸಿದ್ದಾಗ ಗೌರಿ ಸತ್ತಿತು. ಕೊರಳಲ್ಲಿ ಎರಡು ಹಾರ ಹಾಗೇ ಇದ್ದವು. ಒಳಗೆ ನೆಲ ಒರೆಸಿ, ಊಟಕ್ಕೆ ಎಲೆ ಹಾಕಿದರು.

ದೂರು ಕೊಟ್ಟವರು ಕಂಟ್ರಾಕ್ಟರು. ‘ವೈದ್ಯೆಯು ಇಂಜೆಕ್ಷನ್ ನೀಡದೆ, ಮೂತ್ರ ಪರೀಕ್ಷಿಸುತ್ತಾ, ಅಶುಭ ನುಡಿಯುತ್ತಾ ಕಾಲ ಕಳೆದರು.’ ವಿಚಾರಣೆಗೆ ಬಂದ ಅಧಿಕಾರಿ ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ವಿನಯದವರು. ನಾನು ಹಸು ಹಾಲ್‌ನಲ್ಲಿ ಕೂತ ಗಳಿಗೆಯಿಂದ ಹೇಳಿಕೆ ಶುರು ಮಾಡಿದೆ. ಅವರು ಪೆನ್ನು ಕೆಳಗಿಟ್ಟರು.

“ಪೂಜೆ ವಿಷಯ ಬೇಡ ಸಾರ್. ಜನರ ಭಾವನೆ. ಮೇಡಂ ಬಂದ ಮೇಲಿಂದ ಹೇಳಿ.”

“ಅದಕ್ಕೆ ಮೊದಲು ಎಲ್ಲ ಹೊತ್ತೂ ಹಾಳಾಗಿತ್ತು. ಆರತಿ ಎತ್ತಿದ ಫೋಟೋ ಇವೆ, ತರಿಸಿ ನೋಡಿ.”

“ಫೋಟೋ ತರಿಸಿದ್ರೆ ಮನೆಯವರನ್ನೆಲ್ಲ ಕರೆಸ್ಬೇಕಾಗುತ್ತೆ ಸಾರ್.”

“ಕರೆಸಿ.”

ಕರೆಸಲಿಲ್ಲ. ಒಂದು ಸಾವಿನಲ್ಲಿ ತಡ ಯಾರಿಂದ ಆಯಿತು ಎಂದು ಕೇಳುವ ವಿಚಾರಣೆ, ತಡದ ಬಹುಪಾಲನ್ನು ಹೊರಗಿಟ್ಟು ಉಳಿದದ್ದನ್ನು ಅಳೆಯಿತು. ಹೊರಗಿಟ್ಟದ್ದು ಭಕ್ತಿ, ಆದ್ದರಿಂದ ಅದಕ್ಕೆ ಗಡಿಯಾರ ಇಲ್ಲ. ಒಳಗೆ ಉಳಿದದ್ದು ಮೂರು ಪರೀಕ್ಷೆ. ಟೆಂಪೋದ ಮಾತನ್ನು ಹೇಳಿದೆ. ‘ಹೆಚ್ಚಿನ ಚಿಕಿತ್ಸೆಗಾಗಿ ಸಾಗಿಸುವಾಗ’ ಎಂದು ಬರೆದುಕೊಂಡರು. ರಂಗಪ್ಪ ತನಗೇನೂ ಗೊತ್ತಿಲ್ಲ ಎಂದ. ಹೊರಗೆ ಸಿಕ್ಕಾಗ ನನಗೆ ಹೇಳಿದ: “ಏನ್ ಮಾಡ್ಲಿ ಸಾರ್, ಮುಂದಿನ್ ಮನೆಗ್ಳೂ ಅವ್ರವೇ.” ಅವನು ಆಗಲೇ ಇನ್ನೊಂದು ಬಿಳಿ ಹಸು ತಂದಿದ್ದ.

ಆ ಅಧಿಕಾರಿ ಬರೆದ ವಾಕ್ಯ ಸೇವಾ ಕಡತಕ್ಕೆ ಸೇರಿತು. ಡಾಕ್ಟ್ರಮ್ಮನನ್ನು ಕುಣಿಗಲ್ ಕಡೆಗೆ ಹಾಕಿದರು. ಹೋಗುವ ದಿನ ಬೂಟು, ಡಬ್ಬಿ ಎಲ್ಲ ಚೀಲಕ್ಕೆ ತುಂಬಿಕೊಳ್ಳುತ್ತಾ ನನ್ನ ಹತ್ತಿರ ಒಂದೇ ಮಾತು ಹೇಳಿದರು: “ವರ್ಗಾವಣೆಗೆ ನಂದೇನೂ ತಕರಾರಿಲ್ಲ ಸಾರ್. ಕುಣಿಗಲ್ಲಲ್ಲೂ ದನ ಇವೆ. ಆ ವಾಕ್ಯ ಮಾತ್ರ ಇರಬಾರ್ದು. ನಾಳೆ ಹೊಸ ಹುಡುಗ್ರು ಅದನ್ನ ಓದಿ, ಪರೀಕ್ಷೆ ಮಾಡಿದ್ರೆ ಮೇಡಂಗೆ ಆದಂಗೆ ಆಗುತ್ತೆ ಅಂತ ಕಲೀತಾರೆ.”

ಹಾಗೆಯೇ ಆಯಿತು. ಅವರು ಹೋದ ಮೇಲೆ ತುಮಕೂರಿನಲ್ಲಿ ಪಟ್ಟಿ ಅದ್ದುವವರು ಇಲ್ಲವಾದರು. ಗುಬ್ಬಿಯಲ್ಲಿ ಅವರಿಂದ ಕೈ ತಡೆಸಿಕೊಂಡಿದ್ದ ಆ ಕಿರಿಯ ಡಾಕ್ಟರೇ ನನಗೆ ಹೇಳಿದ, “ಬಾಟ್ಲು ಏರ್ಸಿದ್ರೆ ಹಸು ಸತ್ರೂ ಯಾರೂ ಕೇಳಲ್ಲ ಸಾರ್. ಏರ್ಸದೆ ನಿಂತ್ರೆ ಕೇಳ್ತಾರೆ.” ಬುದ್ಧಿವಂತ. ಪಾಠ ಚೆನ್ನಾಗಿ ಕಲಿತಿದ್ದ.

ಕುಣಿಗಲ್‌ನಿಂದ ಡಾಕ್ಟ್ರಮ್ಮ ಅರ್ಜಿ ಹಾಕುತ್ತಲೇ ಇದ್ದರು. ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬರುತ್ತಿತ್ತು. ನಿವೃತ್ತರಾದ ಮೇಲೆ ಬಂದ ಉತ್ತರ, ಸದರಿಯವರು ಸೇವೆಯಲ್ಲಿ ಇಲ್ಲದ ಕಾರಣ ಪರಿಶೀಲನೆಯ ಅಗತ್ಯವಿಲ್ಲ ಎಂದಿತ್ತು. ಅದನ್ನು ನನಗೆ ತೋರಿಸಲು ಬಸ್ಸಿನಲ್ಲಿ ತುಮಕೂರಿಗೆ ಬಂದರು. ಅಳಲಿಲ್ಲ, ನಗಲೂ ಇಲ್ಲ. “ಇದಕ್ಕೂ ಮೇಲೆ ಯಾರಿದಾರೆ ಸಾರ್?” ಎಂದು ಕೇಳಿದರು.

ಕೊನೆಗೆ ಅವರ ಮೂತ್ರಪಿಂಡಗಳೇ ಕೈಕೊಟ್ಟವು. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನೋಡಲು ಹೋದೆ. ಅವರ ತಂಗಿ ಪಕ್ಕದಲ್ಲಿದ್ದರು. ಡಾಕ್ಟ್ರಮ್ಮ ಆಳವಾಗಿ, ಬೇಗಬೇಗ ಉಸಿರಾಡುತ್ತಿದ್ದರು. ಅದು ಏನೆಂದು ಅವರಿಗೂ ಗೊತ್ತು, ನನಗೂ ಗೊತ್ತು. ದಿಂಬಿನ ಪಕ್ಕ ಇದ್ದ ರಕ್ತಪರೀಕ್ಷೆಯ ಚೀಟಿಯನ್ನು ನನ್ನ ಕಡೆ ತಳ್ಳಿದರು. ನಮ್ಮಲ್ಲಿ ಹೂವಿನ ಕುಂಡ ಹೊತ್ತು ಕೂತಿತ್ತಲ್ಲ, ಅಂಥದೇ ಯಂತ್ರದಿಂದ ಬಂದ ಚೀಟಿ.

“ನೋಡಿ ಸಾರ್. ಬಂದ ತಕ್ಷಣ ಮೊದ್ಲು ಪರೀಕ್ಷೆ ಮಾಡಿದ್ರು. ಆಮೇಲೆ ಬಾಟ್ಲು. ಯಾರೂ ಅವರನ್ನ ಬೈಲಿಲ್ಲ.”

ಅದೇ ನನ್ನ ಜೊತೆ ಅವರು ಆಡಿದ ಕೊನೆಯ ಮಾತು.

ಶ್ರದ್ಧಾಂಜಲಿ ಸಭೆಯನ್ನು ನಮ್ಮ ಹಳೆಯ ಆಸ್ಪತ್ರೆಯ ಸಭಾಂಗಣದಲ್ಲೇ ಇಟ್ಟಿದ್ದರು. ವಿಚಾರಣೆ ಮಾಡಿದ್ದ ಅಧಿಕಾರಿ ಈಗ ದೊಡ್ಡ ಹುದ್ದೆಯಲ್ಲಿದ್ದಾರೆ, ಅವರದೇ ಅಧ್ಯಕ್ಷತೆ. ಒಬ್ಬರು ಅವರನ್ನು ಮೃದುಭಾಷಿ ಎಂದರು. ಒಬ್ಬರು ಗೋಮಾತೆಯ ನಿಜವಾದ ಸೇವಕಿ ಎಂದರು. ಕಂಟ್ರಾಕ್ಟರೂ ಬಂದಿದ್ದರು. ಫೋಟೋಗೆ ದೊಡ್ಡ ಹಾರ ಅವರದೇ. ಡಾಕ್ಟ್ರಮ್ಮನ ತಂಗಿ ಮೊದಲ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದರು. ಕೊನೆಗೆ, ಹಿರಿಯರು ಎರಡು ಮಾತು ಹೇಳಬೇಕೆಂದು ನನ್ನನ್ನು ಕರೆದರು.

ನಾನು ಎದ್ದು ಹೇಳಿದೆ: “ಇವರು ಮೃದುಭಾಷಿ ಅಲ್ಲ. ಇವರ ಕಡತದಲ್ಲಿ ಹಸು ಸಾಯಿಸಿದವರು ಎಂದು ಬರೆದಿದೆ. ಬರೆದವರು ಇಲ್ಲೇ ಇದ್ದಾರೆ. ಆ ವಾಕ್ಯ ತಪ್ಪು ಎಂದು ಅವರು ಇವತ್ತು ಈ ತಂಗಿಯ ಎದುರಿಗೆ ಹೇಳಬೇಕು.”

ಅಧ್ಯಕ್ಷರು ಮೈಕಿನ ಹತ್ತಿರ ಬಗ್ಗಿದರು. “ಸಾರ್, ಇದು ಸಂದರ್ಭ ಅಲ್ಲ.”

“ಸಂದರ್ಭ ಯಾವುದು? ಅವರು ಬದುಕಿದ್ದಾಗ ಪರಿಶೀಲನೆಯಲ್ಲಿತ್ತು.”

ಅಧ್ಯಕ್ಷರು ನನ್ನ ಕಡೆ ನೋಡದೆ ಸಭೆಯ ಕಡೆ ತಿರುಗಿ, “ಈಗ ಅಗಲಿದ ಚೇತನಕ್ಕೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ,” ಎಂದು ಘೋಷಿಸಿದರು.

ಕುರ್ಚಿಗಳು ಸರಿದವು. ಎಲ್ಲರೂ ಎದ್ದು ತಲೆ ಬಗ್ಗಿಸಿದರು, ಕಂಟ್ರಾಕ್ಟರೂ ಬಗ್ಗಿಸಿದರು. ಮೌನ ಎಂದರೆ ಏನು ಎಂದು ಸೇನೆಯಲ್ಲಿ ಕಲಿತವನು ನಾನು. ಕಹಳೆ ಊದಿದ ಮೇಲೆ ಕಣ್ಣೆವೆಯನ್ನೂ ಅಲುಗಿಸದೆ ನಿಂತವನು. ಆವತ್ತು ನಾನು ಮಾತು ನಿಲ್ಲಿಸಲಿಲ್ಲ. ಗೌರಿ ಕಾಲು ಮಡಚಿ ಕೂತಲ್ಲಿಂದ ಶುರು ಮಾಡಿ, ಆರತಿ, ಫೋಟೋ, ತಿಂಡಿಯ ಪಂಕ್ತಿ, ಚೊಂಬಿನಲ್ಲಿ ಬಣ್ಣ ತಿರುಗಿದ ಪಟ್ಟಿ, ಹಗ್ಗ, ಟೆಂಪೋದ ಹಲಗೆ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ತಂಗಿ ಒಬ್ಬರೇ ತಲೆ ಎತ್ತಿ ಕೇಳುತ್ತಿದ್ದರು. ಉಳಿದವರು ಮೌನ ಆಚರಿಸುತ್ತಿದ್ದರಲ್ಲ, ನನ್ನನ್ನು ತಡೆಯಲು ಯಾರೂ ಬಾಯಿ ತೆರೆಯುವಂತಿರಲಿಲ್ಲ.